ಪೀಣ್ಯದ ಗೇಟ್-ಗ್ರಿಲ್ ಅಂಗಡಿಯಲ್ಲಿ ಮಗಳಿಗೆ ಮಾಡಿಸಿದ ವೀಲ್‌ಚೇರ್

ಮೊದಲೇ ಹೇಳಿಬಿಡುತ್ತೇನೆ, ಅರ್ಜೆಂಟ್ ಇರುವವರು ಈ ಅಂಗಡಿಗೆ ಹೋಗಬೇಡಿ. ಎರಡು ವಾರ ಅಂದರೆ ತಿಂಗಳು ದಾಟುತ್ತದೆ. ಹಗಲು ಫೋನ್ ಮಾಡಿದರೆ ಎತ್ತುವುದಿಲ್ಲ. ಗ್ರೈಂಡರ್ ಸದ್ದಿನಲ್ಲಿ ಕೇಳಿಸಿರುವುದಿಲ್ಲ ಪಾಪ, ಸಂಜೆ ಏಳರ ಮೇಲೆ ತಾವೇ ವಾಪಸ್ ಮಾಡುತ್ತಾರೆ. ಬೋರ್ಡಿನಲ್ಲಿ ವೀಲ್‌ಚೇರ್ ಅನ್ನುವ ಮಾತೇ ಇಲ್ಲ. ‘ಇಲ್ಲಿ ಗೇಟ್, ಗ್ರಿಲ್, ಶೆಡ್ ಕೆಲಸ ಮಾಡಿಕೊಡಲಾಗುವುದು’ ಅಂತಷ್ಟೇ ಇದೆ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತಿದ್ದರೆ ಓದಿ.

ನಮ್ಮ ಮಗಳಿಗೆ ಈಗ ಏಳು ವರ್ಷ. ಹುಟ್ಟಿನಿಂದಲೇ ಮೂಳೆ ಬೇಗ ಮುರಿಯುವ ಕಾಯಿಲೆ. ಪೂರ್ತಿ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಆಸ್ಪತ್ರೆಯಲ್ಲಿ ಎಲ್ಲರೂ ಓಐ ಅನ್ನುತ್ತಾರೆ. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ನೆಂಟರಿಗೆ ಮಾತ್ರ ಇದು ಇವತ್ತಿಗೂ ‘ಕ್ಯಾಲ್ಸಿಯಂ ಕಮ್ಮಿ’. ರಾಗಿ ಅಂಬಲಿ ಕುಡಿಸಿ, ಎಳೆ ಬಿಸಿಲಿಗೆ ಕೂರಿಸಿ, ಮೊಟ್ಟೆ ಕೊಡಿ ಅಂತ ಹೇಳುತ್ತಲೇ ಇರುತ್ತಾರೆ. ಎಲ್ಲಾ ಕೊಡುತ್ತೇವೆ, ಕೊಡಲೇಬೇಕು. ಆದರೆ ತೊಂದರೆ ಇರುವುದು ಕೊಲಾಜನ್ ಅನ್ನುವ ಪ್ರೋಟೀನಿನಲ್ಲಿ. ಅದನ್ನು ಮಾಡುವ ಜೀನ್‌ನಲ್ಲೇ ಬದಲಾವಣೆ ಆಗಿರುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಇಲ್ಲದಿದ್ದರೂ ಮಗುವಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳಬಹುದು, ನಮ್ಮ ಮನೆಯಲ್ಲಿ ಆಗಿದ್ದು ಹಾಗೇ. ಇದನ್ನೆಲ್ಲ ಅಂಗಡಿಯವರಿಗೆ ನಾನು ಕಷ್ಟಪಟ್ಟು ವಿವರಿಸಿದೆ. ಅವರು ಕೇಳಿಸಿಕೊಂಡು, ‘ಅಂದ್ರೆ ಸಿಮೆಂಟ್ ಸರಿಯಾಗಿದೆ, ಒಳಗಿನ ಕಂಬಿ ವೀಕು, ಅಷ್ಟೇ ಅಲ್ವಾ ಅಕ್ಕ?’ ಅಂದರು. ನೆಂಟರಿಗೆ ನಾನೀಗ ಇದನ್ನೇ ಹೇಳುತ್ತೇನೆ.

ಓಐಯಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ. 1979ರಲ್ಲಿ ಸಿಲೆನ್ಸ್ ಅನ್ನುವ ಡಾಕ್ಟರ್ ನಾಲ್ಕು ಬಗೆ ಅಂತ ವಿಂಗಡಿಸಿದರು, ಆಮೇಲೆ ಇನ್ನಷ್ಟು ಸೇರಿವೆ, ಆದರೂ ಡಾಕ್ಟರುಗಳ ಬಾಯಲ್ಲಿ ಇವತ್ತಿಗೂ ಟೈಪ್ 1, ಟೈಪ್ 3 ಅನ್ನುವುದೇ ನಡೆಯುತ್ತದೆ. ಟೈಪ್ 1 ಮಕ್ಕಳು ಓಡಾಡಿಕೊಂಡಿರುತ್ತಾರೆ, ಕಣ್ಣಿನ ಬಿಳಿ ಭಾಗ ನೀಲಿ ಇರುವುದು ಬಿಟ್ಟರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಮ್ಮವಳದು ಟೈಪ್ 3. ಎತ್ತರ ಕಮ್ಮಿ, ತೊಡೆ ಮೂಳೆ ಬಾಗುತ್ತದೆ, ಬೆನ್ನೂ ಸ್ವಲ್ಪ ಬಾಗಿದೆ. ಆರು ತಿಂಗಳಿಗೊಮ್ಮೆ ಜೊಲೆಡ್ರೊನೇಟ್ ಡ್ರಿಪ್ ಹಾಕುತ್ತಾರೆ, ಮೂಳೆ ಕರಗುವುದು ಕಮ್ಮಿ ಆಗಲಿ ಅಂತ. ಎರಡೂ ತೊಡೆಯೊಳಗೆ ರಾಡ್ ಇದೆ, ಮಗು ಬೆಳೆದ ಹಾಗೆ ತಾನೂ ಉದ್ದ ಆಗುವಂಥದ್ದು. ಆ ಆಪರೇಷನ್ ಆದಮೇಲೆ ಫಿಸಿಯೋ ಮೇಡಂ ಹೇಳಿದರು, ಇನ್ನು ಇವಳನ್ನು ಸೊಂಟದ ಮೇಲೆ ಹೊತ್ತು ತಿರುಗಬೇಡಿ, ಇವಳದೇ ಚೇರ್ ಇರಲಿ, ಇವಳೇ ತಳ್ಳಿಕೊಳ್ಳಲಿ, ತೋಳಿಗೆ ಕೆಲಸ ಇದ್ದರೇ ತೋಳಿನ ಮೂಳೆಗೂ ಒಳ್ಳೆಯದು ಅಂತ.

ಸರಿ, ಚೇರ್ ಹುಡುಕಲು ಹೊರಟೆವು. ಊರಿನ ಒಂದು ದೊಡ್ಡ ಸರ್ಜಿಕಲ್ ಅಂಗಡಿಯಲ್ಲಿ ‘ಮಕ್ಕಳ ಸೈಜು’ ಅಂತ ಒಂದನ್ನು ಕೊಟ್ಟರು. ಸ್ಟೀಲ್ ಪೈಪು, 18 ಕಿಲೋ ತೂಕ. ಸೀಟಿನಲ್ಲಿ ಮಗಳ ಜೊತೆ ಇನ್ನೊಂದು ಮಗು ಕೂರಬಹುದಿತ್ತು. ಅವಳ ಕೈ ಚಕ್ರಕ್ಕೆ ಎಟುಕುತ್ತಲೇ ಇರಲಿಲ್ಲ. ಎಟುಕಲಿ ಅಂತ ಬದಿಗೆ ವಾಲಿದರೆ ಪಕ್ಕೆಲುಬು ಕೈಯಿಡುವ ಕಂಬಿಗೆ ಒತ್ತುತ್ತಿತ್ತು, ಅಂಥ ಒತ್ತೇ ಸಾಕು ಈ ಮಕ್ಕಳಿಗೆ. ವಾಪಸ್ ತಗೊಳ್ಳಿ ಅಂದರೆ ‘ಬಳಸಿದ್ದು ತಗೊಳ್ಳಲ್ಲ’ ಅಂದರು. ಅಳತೆಗೆ ಮಾಡಿಸುವ ವಿದೇಶಿ ಚೇರ್ ಬೆಲೆ ಕೇಳಿದೆ, ಲಕ್ಷ ದಾಟಿತು. ಎರಡು ವರ್ಷಕ್ಕೆ ಮಗು ಬೆಳೆಯುತ್ತದೆ, ಆಗ ಮತ್ತೆ ಲಕ್ಷ.

ಈ ಅಂಗಡಿಯ ವಿಷಯ ಹೇಳಿದ್ದೂ ಫಿಸಿಯೋ ಮೇಡಮ್ಮೇ. ಓನರ್ ತುಮಕೂರು ಕಡೆಯವರು, ಪೀಣ್ಯದಲ್ಲಿ ಬೇರೆಯವರ ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿದ್ದು ಆಮೇಲೆ ಸ್ವಂತ ಶೆಡ್ ಹಾಕಿದವರು. ಅವರ ಅಕ್ಕನ ಮಗನಿಗೆ ನಡೆಯಲು ಆಗುತ್ತಿರಲಿಲ್ಲ. ಅವನಿಗೆ ಅಂತ ಒಂದು ಚೇರ್ ಮಾಡಿಕೊಟ್ಟರು, ಅದನ್ನು ಥೆರಪಿ ಸೆಂಟರ್‌ನಲ್ಲಿ ನೋಡಿದವರು ನಮಗೂ ಒಂದು ಅಂತ ಕೇಳಿದರು, ಹಾಗೇ ಶುರುವಾಯಿತು. ಇವತ್ತಿಗೂ ಅಂಗಡಿ ನಡೆಯುವುದು ಗೇಟು ಗ್ರಿಲ್ಲಿನಿಂದಲೇ, ಚೇರ್ ಕೆಲಸ ಅದರ ಬೆನ್ನ ಮೇಲೆ ಕೂತಿದೆ.

ಅಳತೆ ತೆಗೆದ ರೀತಿ ಹೇಳಲೇಬೇಕು. ಮುನ್ನೂರು ರೂಪಾಯಿ ಕೊಟ್ಟರೆ ಮನೆಗೇ ಬರುತ್ತಾರೆ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಪೀಣ್ಯದ ರಸ್ತೆಯ ಗುಂಡಿ ಹಂಪು ದಾಟಿ ಮಗುವನ್ನು ಆಟೊದಲ್ಲಿ ಕರೆದುಕೊಂಡು ಹೋಗುವುದು ತಪ್ಪುತ್ತದೆ. ಬಂದವರು ಚಪ್ಪಲಿ ಬಿಟ್ಟು ಚಾಪೆಯಿಂದ ಎರಡು ಮಾರು ದೂರ ಕೂತರು. ಜೊತೆಗೆ ಬಂದಿದ್ದ ಹುಡುಗ ಸಹಾಯ ಮಾಡೋಣ ಅಂತ ಅವಳ ಕಂಕುಳಿಗೆ ಕೈ ಹಾಕಲು ಹೋದ. ನಾನು ಬಾಯಿ ತೆರೆಯುವ ಮುಂಚೆ ಅವರೇ, ‘ಏಯ್, ಮುಟ್ಬೇಡ ಕಣೋ! ಅವರಮ್ಮ ಇದಾರೆ’ ಅಂದರು. ಓಐ ಮಕ್ಕಳನ್ನು ಕಂಕುಳಲ್ಲಿ ಹಿಡಿದು ಎತ್ತಬಾರದು, ಕೈ ಕಾಲು ಹಿಡಿದು ಎಳೆಯಬಾರದು, ಅಡಿಯಿಂದ ಎರಡೂ ಅಂಗೈ ಅಗಲ ಮಾಡಿ ಬೆನ್ನು ಮತ್ತು ಕುಂಡೆಗೆ ಆಸರೆ ಕೊಟ್ಟು ಎತ್ತಬೇಕು. ಇದನ್ನು ಕೆಲವು ಕಡೆ ನರ್ಸುಗಳಿಗೂ ನಾನೇ ಹೇಳಿಕೊಟ್ಟಿದ್ದೇನೆ. ಇವರಿಗೆ ಗೊತ್ತಿತ್ತು. ಟೇಪನ್ನು ನನ್ನ ಕೈಗೇ ಕೊಟ್ಟರು. ‘ನೀವೇ ಹಿಡ್ಕೊಳಿ ಅಕ್ಕ, ನಾನು ನಂಬರ್ ಬರ್ಕೊಂತೀನಿ.’ ಸೊಂಟದ ಅಗಲ, ಕುಂಡೆಯಿಂದ ಮಂಡಿ ಹಿಂಭಾಗದ ತನಕ, ಮಂಡಿಯಿಂದ ಹಿಮ್ಮಡಿ, ಕಂಕುಳ ಎತ್ತರ, ಕೈ ಇಳಿಬಿಟ್ಟರೆ ಬೆರಳು ಎಲ್ಲಿಗೆ ಬರುತ್ತದೆ, ಇಷ್ಟೂ ಕೇಳಿದರು. ಆಮೇಲೆ ಮಗಳನ್ನೇ ಕೇಳಿದರು, ‘ಯಾವ ಕೈ ಜಾಸ್ತಿ ನೋಯ್ತದೆ ಪುಟ್ಟಾ?’ ಅವಳು ಎಡಗೈ ಅಂದಳು. ಅದು ಎರಡು ಸಲ ಮುರಿದಿತ್ತು. ಅದನ್ನೂ ಬರೆದುಕೊಂಡರು.

ಪೈಪ್ ಮುಟ್ಟುವ ಮೊದಲು ಫ್ರಿಜ್ ಬಂದಿರುತ್ತದಲ್ಲ, ಆ ದಪ್ಪ ರಟ್ಟಿನಲ್ಲಿ ಒಂದು ಸೀಟು ಕತ್ತರಿಸಿ ಕಳಿಸಿದರು. ಅದರಲ್ಲಿ ಕೂರಿಸಿ ಮುಂದಿನಿಂದ, ಪಕ್ಕದಿಂದ ಫೋಟೊ ತೆಗೆದು ಕಳಿಸಿ ಅಂದರು. ಬೆನ್ನಿನ ಹತ್ತಿರ ಒಂದು ಕಡೆ ಸಂದು ಕಾಣಿಸಿತು, ಅವಳ ಬೆನ್ನು ಬಾಗಿರುವ ಕಡೆ. ಅಲ್ಲಿಗೆ ಅಂತಲೇ ಬೇರೆ ದಪ್ಪದ ಫೋಮ್ ಹಾಕಿಸಿದರು. ದುಬಾರಿ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ, ರಟ್ಟಿನ ಡಬ್ಬ ಸಾಕಾಯಿತು.

ಈಗ ಚೇರ್ ಬಗ್ಗೆ. ಸೀಟಿನ ಅಗಲ 10 ಇಂಚು, ಮುಂದಕ್ಕೆ ಎರಡು ಇಂಚು ಎಳೆದು ಬೋಲ್ಟ್ ಹಾಕಬಹುದು, ಅಂದರೆ ಇನ್ನಷ್ಟು ದಿನ ಬರುತ್ತದೆ. ಕಾಲಿಡುವ ಹಲಗೆ ಮೇಲಕ್ಕೆ ಏಳುತ್ತದೆ, ಆಪರೇಷನ್ ಆಗಿಯೋ ಪ್ಲಾಸ್ಟರ್ ಹಾಕಿಯೋ ಕಾಲು ಚಾಚಿ ಕೂರಬೇಕಾದಾಗ ಇದು ಇಲ್ಲದೆ ಆಗುವುದೇ ಇಲ್ಲ. ಕೈಯಿಡುವ ಕಂಬಿ ಕಳಚಿ ಬರುತ್ತದೆ, ಮಂಚಕ್ಕೆ ಹಲಗೆ ಆನಿಸಿ ಜಾರಿಸಬಹುದು, ಎತ್ತುವ ಕೆಲಸ ಅರ್ಧಕ್ಕರ್ಧ ತಪ್ಪಿತು. ಚಕ್ರದ ಕಡ್ಡಿಗಳಿಗೆ ಬೆರಳು ಸಿಗದ ಹಾಗೆ ಪ್ಲಾಸ್ಟಿಕ್ ತಟ್ಟೆ ಇದೆ. ಹಿಂದಕ್ಕೆ ಮಗುಚದಂತೆ ಎರಡು ಪುಟ್ಟ ಗಾಲಿ ಇವೆ. ನನಗೆ ತುಂಬಾ ಇಷ್ಟವಾಗಿದ್ದು ಮುಂದಿನ ಗಾಲಿ. ಸಾಮಾನ್ಯವಾಗಿ ಮಕ್ಕಳ ಚೇರಿಗೆ ಚಿಕ್ಕ ಗಾಲಿ ಹಾಕುತ್ತಾರೆ. ನಮ್ಮ ಫುಟ್‌ಪಾತ್ ಕಲ್ಲಿನ ಸಂದಿಗೆ ಅದು ಸಿಕ್ಕಿಕೊಂಡರೆ ಚೇರ್ ಗಕ್ಕನೆ ನಿಲ್ಲುತ್ತದೆ, ಮಗು ಮುಂದಕ್ಕೆ ಹೋಗುತ್ತದೆ. ಬೇರೆ ಮಗುವಿಗಾದರೆ ಗಾಯ, ಇವಳಿಗೆ ಮೂಳೆ ಮುರಿತ. ಇವರು ಹಾಕಿದ್ದು 8 ಇಂಚಿನ ಗಾಲಿ. ಬಸವೇಶ್ವರನಗರದಲ್ಲಿ ನಮ್ಮ ಮನೆ ಮುಂದಿನ ಕಿತ್ತುಹೋದ ಚಪ್ಪಡಿಗಳ ಮೇಲೂ ಹೋಗುತ್ತದೆ, ಕುಲುಕುತ್ತದೆ ಆದರೆ ಸಿಕ್ಕಿಕೊಳ್ಳುವುದಿಲ್ಲ.

ತೂಕ ಹತ್ತು ಕಿಲೋ ಹತ್ತಿರ. ನನ್ನ ಲೆಕ್ಕದ ಬುದ್ಧಿ ಕೆಲಸ ಮಾಡಿದ್ದು ಇಲ್ಲಿ. ನಾನು ರಾಜಾಜಿನಗರದಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ದಿನಾ ಸಣ್ಣಪುಟ್ಟ ವರ್ಕ್‌ಶಾಪುಗಳ ಟ್ಯಾಲಿ, ಜಿಎಸ್‌ಟಿ ನೋಡುವವಳು. 18 ಕಿಲೋ ಹತ್ತು ಕಿಲೋ ಆಗಿದ್ದು ಹೇಗೆ ಅಂತ ಕೇಳಿದೆ. ‘ಲೋನು ಅಕ್ಕ’ ಅಂದರು! ಮೊದಲು ಅವರ ಹತ್ತಿರ ಇದ್ದದ್ದು ಸಾದಾ ಆರ್ಕ್ ವೆಲ್ಡಿಂಗ್, ಅದರಲ್ಲಿ ಗೇಟಿನ ಕಬ್ಬಿಣ ಬೆಸೆಯಬಹುದು, ತೆಳು ಅಲ್ಯೂಮಿನಿಯಂ ಪೈಪು ತೂತಾಗಿಬಿಡುತ್ತದೆ. ಅದಕ್ಕೆ ಟಿಗ್ ಅನ್ನುವ ಬೇರೆ ಥರದ ವೆಲ್ಡಿಂಗ್ ಸೆಟ್ಟು, ಆರ್ಗಾನ್ ಗ್ಯಾಸ್ ಸಿಲಿಂಡರು ಬೇಕು. ಪೈಪು ಸುಕ್ಕಾಗದೆ ಬಗ್ಗಿಸಲು ಬೆಂಡಿಂಗ್ ಮಷೀನು ಬೇಕು. ಇವೆರಡಕ್ಕೆ ಅಂತ ಮುದ್ರಾ ಯೋಜನೆಯ ‘ಕಿಶೋರ’ ವಿಭಾಗದಲ್ಲಿ ಮೂರೂವರೆ ಲಕ್ಷ ತೆಗೆದುಕೊಂಡರು. 2015ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ ಇದು. 50 ಸಾವಿರದ ತನಕ ‘ಶಿಶು’, ಅಲ್ಲಿಂದ 5 ಲಕ್ಷದ ತನಕ ‘ಕಿಶೋರ’, 10 ಲಕ್ಷದ ತನಕ ‘ತರುಣ’, ಆ ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರ ಬಜೆಟ್‌ನಲ್ಲಿ 20 ಲಕ್ಷಕ್ಕೆ ಏರಿಸಿದರು. ಅಡಮಾನ ಕೇಳಬಾರದು. ಕಾಗದದ ಮೇಲೆ ಕೇಳುವುದಿಲ್ಲ, ಬಾಯಲ್ಲಿ ಕೇಳುವವರು ಇದ್ದೇ ಇರುತ್ತಾರೆ, ಅದು ಬೇರೆ ಮಾತು.

ಮೊದಲು ಹೋದ ಬ್ಯಾಂಕಿನಲ್ಲಿ ವೀಲ್‌ಚೇರ್ ಅಂತ ಬರೆದಿದ್ದಕ್ಕೇ ಸಾಲ ಸಿಗಲಿಲ್ಲವಂತೆ. ‘ಇದಕ್ಕೆ ಮಾರ್ಕೆಟ್ ಎಲ್ಲಿದೆ?’ ಅಂದರಂತೆ. ನಾನೂ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಲ್ಲಿ ಒಂದು ಕೋಟಿ ಜನ ಅಂತ ಇಟ್ಟುಕೊಂಡರೂ, ಹದಿನೈದು ಇಪ್ಪತ್ತು ಸಾವಿರಕ್ಕೆ ಒಬ್ಬರಂತೆ ಓಐ ಇರುವವರು 500ರಿಂದ 670 ಜನ ಆಗುತ್ತಾರೆ. ಅದರಲ್ಲಿ ಮಕ್ಕಳೆಷ್ಟು, ಚೇರ್ ಬೇಕಾದವರೆಷ್ಟು, ಅದರಲ್ಲೂ ದುಡ್ಡು ಕೊಡಲು ಆಗುವವರೆಷ್ಟು? ಮ್ಯಾನೇಜರ್ ಕೇಳಿದ ಪ್ರಶ್ನೆ ತಪ್ಪಲ್ಲ. ದೊಡ್ಡ ಕಂಪನಿಗಳು ನಮ್ಮ ಮಕ್ಕಳ ಸೈಜು ಮಾಡದೇ ಇರುವುದೂ ಇದೇ ಲೆಕ್ಕದಿಂದ. ಆದರೆ ಮಷೀನಿಗೆ ಕಾಯಿಲೆಯ ಹೆಸರು ಗೊತ್ತಿರುವುದಿಲ್ಲವಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೂ, ಸ್ನಾಯುವಿನ ತೊಂದರೆ ಇರುವ ಮಗುವಿಗೂ ಅದೇ ಬೆಂಡಿಂಗ್ ಮಷೀನಿನಲ್ಲೇ ಪೈಪು ಬಗ್ಗುತ್ತದೆ. ಚೇರ್ ಇಲ್ಲದ ವಾರ ಬಾಲ್ಕನಿ ರೇಲಿಂಗ್ ಬಗ್ಗುತ್ತದೆ, ಕಂತು ಅದರಿಂದಲೇ ಕಟ್ಟುತ್ತಾರೆ. ಎರಡನೇ ಬ್ಯಾಂಕಿಗೆ ಅರ್ಜಿ ಕೊಡುವಾಗ ‘ಅಲ್ಯೂಮಿನಿಯಂ ಫ್ಯಾಬ್ರಿಕೇಷನ್’ ಅಂತ ಬರೆದರಂತೆ, ಸಾಲ ಸಿಕ್ಕಿತು. ಜಾಣರು.

ಬಿಲ್ಲು ಕೇಳಿದಾಗ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟರು, ನನಗೆ ಅದು ಸರಿಬರಲಿಲ್ಲ, ಸರಿಯಾಗಿ ಬರೆಸಿಕೊಂಡೆ. ಪೈಪು 4,200. ಚಕ್ರ, ಗಾಲಿ, ಬೇರಿಂಗ್ 5,600. ಫೋಮ್, ರೆಕ್ಸಿನ್, ಹೊಲಿಗೆ ಸೇರಿ 2,700. ಪೌಡರ್ ಕೋಟಿಂಗ್ 900. ಬೆಲ್ಟು, ನಟ್ಟು ಬೋಲ್ಟು, ಸಣ್ಣಪುಟ್ಟದ್ದು 1,600. ಮಜೂರಿ 7,500. ಒಟ್ಟು 22,500. ಹೊಲಿಗೆ ಹಾಕುವವರು ಲಗ್ಗೆರೆಯಲ್ಲಿ ಮನೆಯಲ್ಲೇ ಮಷೀನ್ ಇಟ್ಟುಕೊಂಡಿರುವ ಒಬ್ಬ ಹೆಂಗಸು, ಅವರ ಮಗನೂ ಇವರ ಚೇರಿನಲ್ಲೇ ಕೂರುವುದು. ಕೋಟಿಂಗ್ ಪಕ್ಕದ ಗಲ್ಲಿಯಲ್ಲಿ. ಪೈಪು ಬಿಟ್ಟರೆ ಉಳಿದ ದುಡ್ಡು ಹೆಚ್ಚುಕಮ್ಮಿ ಪೀಣ್ಯ ಲಗ್ಗೆರೆಯೊಳಗೇ ಸುತ್ತುತ್ತದೆ. ದೇಶದ ಜಿಡಿಪಿಯಲ್ಲಿ ಸುಮಾರು 30% ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳದ್ದು ಅಂತ ನಮ್ಮ ಆಫೀಸಿನಲ್ಲಿ ಆಗಾಗ ಕೇಳುತ್ತಿರುತ್ತೇನೆ. ಆ ಅಂಕಿ ಒಳಗಿಂದ ಹೇಗಿರುತ್ತದೆ ಅಂದರೆ ಈ ಬಿಲ್ಲಿನ ಥರ ಇರುತ್ತದೆ. ಸಾಲ ತೆಗೆದುಕೊಂಡ ಮೇಲೆ ಅಂಗಡಿಗೆ ಇಬ್ಬರು ಹುಡುಗರು ಹೊಸದಾಗಿ ಸೇರಿದ್ದಾರೆ, ಒಬ್ಬ ಐಟಿಐ ಮುಗಿಸಿದವನು.

ಜಿಎಸ್‌ಟಿ ಹಾಕಲಿಲ್ಲ, ಹಾಕುವ ಹಾಗೂ ಇಲ್ಲ. ವರ್ಷದ ವಹಿವಾಟು ನೋಂದಣಿಯ ಮಿತಿಯ ಒಳಗಿದೆ, ನೋಂದಣಿ ಬೇಕಿಲ್ಲ. ಹಾಗಂತ ಲಾಭ ಅಂದುಕೊಳ್ಳಬೇಡಿ. ಪೈಪು ಕೊಳ್ಳುವಾಗ 18% ಕಟ್ಟಿರುತ್ತಾರೆ, ಅದು ವಾಪಸ್ ಬರುವುದಿಲ್ಲ, ಚೇರ್ ಬೆಲೆಯಲ್ಲೇ ಸೇರಿಹೋಗುತ್ತದೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಈ ಅಂಗಡಿಯ ಉದ್ಯಮ್ ನೋಂದಣಿ, ಅಂದರೆ ಸರ್ಕಾರದ ಲೆಕ್ಕದಲ್ಲಿ ಸಣ್ಣ ಉದ್ಯಮ ಅಂತ ದಾಖಲಾಗುವುದು, ಅದನ್ನು ಮಾಡಿಸಿಕೊಟ್ಟಿದ್ದು ನಾನೇ. ದುಡ್ಡು ತೆಗೆದುಕೊಂಡಿಲ್ಲ, ಚೇರಿಗೆ ಡಿಸ್ಕೌಂಟೂ ತೆಗೆದುಕೊಂಡಿಲ್ಲ, ಚೇರ್ ಮನೆಗೆ ಬಂದಮೇಲೆ ಆಗಿದ್ದು ಇದು. ನಡೆದಿದ್ದು ಇಷ್ಟು. ಒಂದು ಟ್ರಸ್ಟಿನವರು ಹತ್ತು ಚೇರ್ ಮಾಡಿಸಿಕೊಂಡು, ಫೋಟೊ ತೆಗೆಸಿಕೊಂಡು, ದುಡ್ಡು ಮಾತ್ರ ತಿಂಗಳುಗಟ್ಟಲೆ ಕೊಟ್ಟಿರಲಿಲ್ಲ. ಅಷ್ಟು ದಿನ ಇವರು ಬಡ್ಡಿಗೆ ಕೈಸಾಲ ಮಾಡಿ ಹುಡುಗರಿಗೆ ಸಂಬಳ ಕೊಟ್ಟಿದ್ದಾರೆ. ನಮ್ಮ ಚೇರ್ ತಡವಾಗಿದ್ದಕ್ಕೂ ಅರ್ಧ ಕಾರಣ ಅದೇ, ಪೈಪು ತರಲು ಕಾಸಿರಲಿಲ್ಲ. 2006ರ ಸಣ್ಣ-ಮಧ್ಯಮ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರ ಬಾಕಿಯನ್ನು ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ಬಡ್ಡಿ ಕೇಳಬಹುದು. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ, ಹಾಗೆ ಬಾಕಿ ಉಳಿಸಿಕೊಂಡ ವ್ಯಾಪಾರಸ್ಥರು ದುಡ್ಡು ಕೊಡುವ ತನಕ ಅದನ್ನು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಆದರೆ ಇದನ್ನೆಲ್ಲ ಕೇಳಬೇಕಾದರೆ ಉದ್ಯಮ್ ನಂಬರ್ ಇರಬೇಕು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ. ಇವರಿಗೆ ಯಾರೋ ಏಜೆಂಟ್ ಮೂರು ಸಾವಿರ ಆಗುತ್ತದೆ ಅಂದಿದ್ದರಂತೆ, ಅದಕ್ಕೇ ಮಾಡಿಸಿರಲಿಲ್ಲ. ಇದನ್ನು ಓದುವವರಲ್ಲಿ ಸಣ್ಣ ಅಂಗಡಿ ಇರುವವರು ಯಾರಾದರೂ ಇದ್ದರೆ ಮಾಡಿಸಿಕೊಳ್ಳಿ, ಏಜೆಂಟ್ ಬೇಕಾಗಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂತ ಹೇಳುತ್ತೇನೆ. ತಡ ಆಗುವುದು ಒಂದು. ತಡ ಆಗುತ್ತದೆ ಅಂತ ಮುಂಚೆ ಹೇಳದೆ ಇರುವುದು ಇನ್ನೊಂದು, ಅದೇ ಜಾಸ್ತಿ ಬೇಜಾರು. ಚೇರ್ ಬಂದಾಗ ಸೀಟಿನ ಕೆಳಗೆ ಒಂದು ಬೋಲ್ಟಿನ ತುದಿ ಹೊರಗೆ ಚಾಚಿತ್ತು, ಕಾಲಿಗೆ ತಾಗುವ ಜಾಗದಲ್ಲಿ. ಹೇಳಿದ ಸಂಜೆಯೇ ಬಂದು ಕತ್ತರಿಸಿ ತುದಿಗೆ ಮುಚ್ಚಳ ಹಾಕಿದರು ಅನ್ನಿ, ಆದರೆ ಓಐ ಮಗುವಿನ ಚೇರಿನಲ್ಲಿ ಅದು ಇರಲೇಬಾರದಿತ್ತು. ಯಾವ ಲ್ಯಾಬಿನ ಟೆಸ್ಟ್ ಸರ್ಟಿಫಿಕೇಟೂ ಇಲ್ಲ. ಅಲ್ಯೂಮಿನಿಯಂ ಬೆಸುಗೆ ಪಕ್ಕದಲ್ಲಿ ಸ್ವಲ್ಪ ಮೆತ್ತಗಾಗುತ್ತದೆ, ಅದಕ್ಕೇ ಮೂಲೆಗಳಿಗೆಲ್ಲ ತ್ರಿಕೋನದ ಪಟ್ಟಿ ಕೊಟ್ಟಿದ್ದಾರೆ, ಆದರೂ ತಿಂಗಳಿಗೊಮ್ಮೆ ಬೆಸುಗೆಗಳ ಮೇಲೆ ಬೆರಳಾಡಿಸಿ ಬಿರುಕು ಇದೆಯಾ ನೋಡಿ ಅಂತ ಅವರೇ ಹೇಳಿದರು. ಸ್ಕೂಲ್ ವ್ಯಾನಿನಲ್ಲಿ ಈ ಚೇರಿನಲ್ಲೇ ಕೂರಿಸಿ ಕರೆದೊಯ್ಯಬೇಡಿ, ಅದಕ್ಕೆ ಇದು ಮಾಡಿದ್ದಲ್ಲ. ಮತ್ತೆ, ವೀಲ್‌ಚೇರ್ ಮಾಡುವ ಅಂಗಡಿಗೆ ರ‍್ಯಾಂಪ್ ಇಲ್ಲ! ಶಟರ್ ಮುಂದೆ ಮುಕ್ಕಾಲು ಅಡಿ ಮೆಟ್ಟಿಲು. ಕೇಳಿದರೆ ಒಳಗಿಂದ ಒಂದು ತಗಡಿನ ಹಲಗೆ ತಂದು ಹಾಸಿ ನಗುತ್ತಾರೆ. ನನಗೆ ನಗು ಬರಲಿಲ್ಲ.

ಮಗಳ ಅಭಿಪ್ರಾಯವೂ ಬೇಕಲ್ಲವಾ. ಬಣ್ಣ ಅವಳೇ ಆರಿಸಿದ್ದು, ಹಳದಿ. ಮೇ 6ರಂದು ವಿಶ್‌ಬೋನ್ ಡೇ ಅಂತ ಓಐ ಕುಟುಂಬದವರು ಹಳದಿ ಬಟ್ಟೆ ಹಾಕುತ್ತಾರೆ, ಅದಕ್ಕೆ ಅಂತ ನಾನಂದುಕೊಂಡೆ. ಅವಳು ಆಟೊ ಬಣ್ಣ ಅಂದಳು. ಸೀಟು ನೆಲಕ್ಕೆ ಹತ್ತಿರ ಇರುವುದರಿಂದ ಕೆಳಗೆ ಬಿದ್ದ ಪೆನ್ಸಿಲ್ ತಾನೇ ಎತ್ತಿಕೊಳ್ಳುತ್ತಾಳೆ, ಕ್ಲಾಸಿನಲ್ಲಿ ಬೆಂಚಿನ ಪಕ್ಕ ಸರಿಯಾಗಿ ಕೂರುತ್ತದೆ. ಸಂಜೆ ನಡುಮನೆಯಿಂದ ಅಡುಗೆಮನೆಗೆ ತಾನೇ ಬಂದು ಏನು ಮಾಡುತ್ತಿದ್ದೀಯ ಅಂತ ಇಣುಕುತ್ತಾಳೆ, ಹೋಗು ಓದಿಕೋ ಅಂದರೆ ತಾನೇ ತಿರುಗಿಸಿಕೊಂಡು ಹೋಗುತ್ತಾಳೆ, ಗೋಡೆಯ ಸುಣ್ಣವೆಲ್ಲ ಗಾಲಿ ತಾಗಿ ಕಿತ್ತು ಬಂದಿದೆ. ಎಡಗೈ ಕಡೆಯ ತಳ್ಳುವ ರಿಮ್ಮಿಗೆ ರಬ್ಬರ್ ಸುತ್ತಿ ದಪ್ಪ ಮಾಡಿದ್ದಾರೆ, ನಾವು ಕೇಳಿರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಪೀಣ್ಯ ಇಂಡಸ್ಟ್ರಿ ಮೆಟ್ರೊ ಇಳಿದು ಆಟೊ ಹಿಡಿಯಿರಿ, ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ. ವಿಳಾಸ ಬೇಕಾದವರು ಕೇಳಿ, ಕಳಿಸುತ್ತೇನೆ. ಫಿಸಿಯೋಥೆರಪಿಸ್ಟ್ ಹತ್ತಿರ ಸೀಟು, ಬೆನ್ನು ಹೇಗಿರಬೇಕು ಅಂತ ಬರೆಸಿಕೊಂಡೇ ಹೋಗಿ, ಅದಿಲ್ಲದೆ ಓಐ ಮಕ್ಕಳ ಕೆಲಸ ಅವರು ಹಿಡಿಯುವುದಿಲ್ಲ, ಅದು ಒಳ್ಳೆಯದೇ. ಅರ್ಧ ದುಡ್ಡು ಮುಂಗಡ ಕೇಳುತ್ತಾರೆ. ಕೊಡಿ, ಪೈಪು ಬರುವುದು ಅದರಿಂದಲೇ. ಚೌಕಾಸಿ ಮಾಡಬೇಕು ಅನ್ನಿಸಿದರೆ ಮಜೂರಿಯ 7,500 ನೋಡಿ, ಅದರಲ್ಲಿ ಮೂರು ಜನರ ಕೆಲಸ ಇದೆ. ಕ್ಯಾಲಿಪರ್, ಸ್ಪ್ಲಿಂಟ್, ಬೆನ್ನಿನ ಬ್ರೇಸ್ ಕೇಳಿಕೊಂಡು ಮಾತ್ರ ಅಲ್ಲಿಗೆ ಹೋಗಬೇಡಿ. ಅವು ಮೈಗೆ ಅಂಟಿ ಕೂರುವಂಥವು, ಅದಕ್ಕೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ನೋಂದಣಿ ಇರುವ ಆರ್ಥೋಟಿಸ್ಟ್ ಬಳಿಯೇ ಹೋಗಬೇಕು. ಇವರನ್ನು ಕೇಳಿದರೂ ಇವರೇ ಅಲ್ಲಿಗೆ ಕಳಿಸುತ್ತಾರೆ.